ಸಹಿ ಹಾಕುವ ಮೊದಲು ಕನ್ನಡಕ ಹಾಕಿಕೊಳ್ಳಬೇಕಿತ್ತು

ಕಳೆದ ಶ್ರಾವಣದ ಒಂದು ಸಂಜೆ. ದೇವರಿಗೆ ದೀಪ ಹಚ್ಚಿ ಹೊರಗೆ ಬಂದಿದ್ದೆ, ಗೇಟಿನ ಹತ್ತಿರ ಎದುರು ಮನೆ ರಾಯರ ದನಿ ಕೇಳಿಸಿತು. ಜೊತೆಗೆ ನಮ್ಮ ಬಡಾವಣೆಯ ಇನ್ನೂ ನಾಲ್ಕು ಜನ. ಮಕ್ಕಳು ಪರೀಕ್ಷೆಗೆ ತಗೊಂಡು ಹೋಗ್ತಾರಲ್ಲ, ಅಂಥ ರಟ್ಟಿನ ಪ್ಯಾಡು ರಾಯರ ಕೈಯಲ್ಲಿ. ಅದಕ್ಕೆ ಸಿಕ್ಕಿಸಿದ ಎರಡು ಹಾಳೆ.

“ನಿಮ್ಮ ಪಕ್ಕದ ಮನೆ ಟೆರೇಸಿನ ಮೇಲೆ ಮೊಬೈಲ್ ಟವರ್ ಬರ್ತಾ ಇದೆ, ಗೊತ್ತಾ ಮೇಡಂ?” ಅಂದರು ರಾಯರು.

ಗೊತ್ತಿರಲಿಲ್ಲ. ಪಕ್ಕದ ಮನೆಯವರು ನಿವೃತ್ತ ಹೈಸ್ಕೂಲ್ ಟೀಚರ್. ಬಡಾವಣೆಯಲ್ಲಿ ಎಲ್ಲರೂ ಅವರನ್ನು ಟೀಚರ್ ಅಂತಲೇ ಕರೆಯೋದು. ಗಂಡ ತೀರಿಕೊಂಡು ಆರು ವರ್ಷ. ಒಬ್ಬರೇ ಇರುತ್ತಾರೆ.

“ಕ್ಯಾನ್ಸರ್ ಬರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆನೇ ಹೇಳಿದೆ. ಗುಬ್ಬಚ್ಚಿಗಳೆಲ್ಲ ಎಲ್ಲಿ ಹೋದವು ಹೇಳಿ? ಅದೂ ನಿಮ್ಮನೇಲಿ ಈಗ ಬಸುರಿ ಹೆಣ್ಣುಮಗಳಿದಾಳೆ...”

ರಾಯರು ಮಾತು ಮುಗಿಸಲಿಲ್ಲ. ಮುಗಿಸೋದು ಬೇಕಾಗಿಯೂ ಇರಲಿಲ್ಲ. ಮಗಳಿಗೆ ಆಗ ಏಳು ತಿಂಗಳು. ಸೀಮಂತ ಮುಗಿಸಿಕೊಂಡು ಪುಣೆಯಿಂದ ತವರಿಗೆ ಬಂದು ಹತ್ತು ದಿನ ಆಗಿತ್ತು. ಅವಳು ಮಲಗುವ ಕೋಣೆಯ ಕಿಟಕಿ ತೆರೆದರೆ ಟೀಚರ್ ಮನೆಯ ಗೋಡೆ. ನಾನು ಪೆನ್ನು ಇಸ್ಕೊಂಡೆ. ಕನ್ನಡಕ ಒಳಗಿತ್ತು, ಹಾಳೆಯಲ್ಲಿ ಏನು ಬರೆದಿದೆ ಅಂತಲೂ ನೋಡಲಿಲ್ಲ. ರಾಯರು ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿದೆ. ನನ್ನದು ಹದಿನೇಳನೆಯದು. ಕೊನೆಗೆ 28 ಮನೆಯವರ ಸಹಿ ಆಯಿತಂತೆ.

ಮೂರೇ ವಾರಕ್ಕೆ ಟವರ್ ಕಂಪನಿಯವರು “ಬೇರೆ ಜಾಗ ನೋಡ್ಕೋತೀವಿ” ಅಂತ ಕೈಬಿಟ್ಟರು. ಅವತ್ತು ರಾಯರು ಎಲ್ಲರ ಮನೆಗೂ ಪೇಡ ಹಂಚಿದರು. ನಾನೂ ತಿಂದೆ.

ಆಮೇಲೆ ಒಂದೊಂದಾಗಿ ಗೊತ್ತಾಯಿತು. ಟೀಚರ್ ಕೆಲಸ ಮಾಡಿದ್ದು ಅನುದಾನ ಇಲ್ಲದ ಶಾಲೆಯಲ್ಲಿ, ಪಿಂಚಣಿ ಅಂತ ಏನೂ ಬರುವುದಿಲ್ಲ. ಟವರ್‌ಗೆ ತಿಂಗಳಿಗೆ 15 ಸಾವಿರ ಬಾಡಿಗೆ ಮಾತಾಗಿತ್ತು. ಎರಡೂ ಮೊಣಕಾಲಿಗೆ ಆಪರೇಷನ್ ಆಗಬೇಕು ಅಂತ ಡಾಕ್ಟರು ಹೇಳಿ ವರ್ಷ ಆಗಿದೆ. ಈ ಬಾಡಿಗೆ ನೆಚ್ಚಿಕೊಂಡು ತಾರೀಖು ಕೂಡ ಕೇಳಿಕೊಂಡು ಬಂದಿದ್ದರಂತೆ. ಇದನ್ನೆಲ್ಲ ನಮಗೆ ಹೇಳಿದ್ದು ಅವರ ಮನೆಗೂ ನಮ್ಮ ಮನೆಗೂ ಕೆಲಸಕ್ಕೆ ಬರುವ ಹೆಂಗಸು. ಟೀಚರ್ ಒಂದು ಮಾತೂ ಆಡಲಿಲ್ಲ. ಕಾಂಪೌಂಡಿನ ಮೇಲಿಂದ ದಿನಾ ಕೊಡುತ್ತಿದ್ದ ಕರಿಬೇವು ಮಾತ್ರ ನಿಂತಿತು.

ಗಣೇಶನ ಹಬ್ಬಕ್ಕೆ ನನ್ನ ಅಣ್ಣನ ಮಗ ಬಂದ. ಬೆಂಗಳೂರಿನಲ್ಲಿ ನೆಟ್‌ವರ್ಕ್ ಎಂಜಿನಿಯರ್. ಊಟ ಆಗಿ ಎಲ್ಲ ಹರಟೆ ಹೊಡೀತಾ ಕೂತಿದ್ದೆವು. ಮಗಳು ಮಾತ್ರ ಒಳಗಿನ ಕೋಣೆಯಲ್ಲಿ ಗಂಡನ ಜೊತೆ ಫೋನಿನಲ್ಲಿದ್ದಳು. ಒಂದು ಗಂಟೆಯಾದರೂ ಮುಗಿದಿಲ್ಲ. “ಹಲೋ, ಹಲೋ, ಕಟ್ ಆಗ್ತಿದೆ, ಈಗ ಕೇಳ್ತಾ?” ಅನ್ನೋದು ಹೊರಗಿನವರೆಗೂ ಕೇಳಿಸ್ತಿತ್ತು. ಕೊನೆಗೆ ಕೆಂಪಗಾದ ಕಿವಿ ಉಜ್ಜಿಕೊಳ್ಳುತ್ತಾ ಬಂದಳು.

ಹುಡುಗ ಅವಳ ಫೋನು ಇಸಿದುಕೊಂಡು ಏನೋ ಒತ್ತಿ ನೋಡಿದ. ಆಮೇಲೆ ಎದ್ದು ಆ ಕೋಣೆಗೆ ಹೋದ, ಅಡುಗೆಮನೆಗೆ ಹೋದ, ಟೆರೇಸು ಹತ್ತಿ ಬಂದ.

“ಅತ್ತೆ, ಆ ಕೋಣೇಲಿ ಸಿಗ್ನಲ್ ಮೈನಸ್ 112. ಟೆರೇಸಿನಲ್ಲಿ ಮೈನಸ್ 82. ವ್ಯತ್ಯಾಸ ಎಷ್ಟು ಹೇಳಿ?”

“ಮೂವತ್ತು.”

“ಈ ಲೆಕ್ಕ ಬೇರೆ ಥರ ಇರುತ್ತೆ. ಹತ್ತು ಅಂದ್ರೆ ಹತ್ತು ಪಟ್ಟು, ಇಪ್ಪತ್ತು ಅಂದ್ರೆ ನೂರು ಪಟ್ಟು. ಮೂವತ್ತು ಅಂದ್ರೆ ಸಾವಿರ ಪಟ್ಟು. ಟೆರೇಸಿಗಿಂತ ಆ ಕೋಣೆಗೆ ಸಾವಿರ ಪಾಲು ಕಡಿಮೆ ಸಿಗ್ನಲ್ ಬರ್ತಿದೆ.”

“ಒಳ್ಳೇದೇ ಆಯ್ತಲ್ಲ” ಅಂದೆ ನಾನು. ಕಡಿಮೆ ಬಂದಷ್ಟೂ ಕ್ಷೇಮ ಅಂತ ನನ್ನ ಲೆಕ್ಕ.

ಅವನು ನಕ್ಕ. ಆಮೇಲೆ ಅವನು ಹೇಳಿದ್ದು ಕೇಳಿ ತಿಂದ ಕಡುಬು ಗಂಟಲಲ್ಲೇ ನಿಂತ ಹಾಗಾಯಿತು.

ಟವರ್ ಒಂದೇ ಮಾತಾಡುವುದಿಲ್ಲ, ಫೋನೂ ಮಾತಾಡುತ್ತೆ. ನಾವು ಆಡಿದ ಮಾತನ್ನು ಅದು ರೇಡಿಯೊ ಅಲೆಯಾಗಿ ಟವರ್‌ಗೆ ಕಳಿಸಬೇಕು. ಟವರ್ ಹತ್ತಿರ ಇದ್ದರೆ ಪಿಸುಗುಟ್ಟಿದರೂ ಸಾಕು. ದೂರ ಇದ್ದರೆ ಅಥವಾ ಮಧ್ಯೆ ನಾಲ್ಕು ಗೋಡೆ ಅಡ್ಡ ಇದ್ದರೆ, ತೋಟದ ಆಚೆ ಕೊನೆಯಲ್ಲಿದ್ದವರನ್ನು ಊಟಕ್ಕೆ ಕರೆಯುವಾಗ ಕೂಗುತ್ತೇವಲ್ಲ, ಹಾಗೆ ಕೂಗಬೇಕು. ಎಷ್ಟು ದನಿಯಲ್ಲಿ ಮಾತಾಡಬೇಕು ಅಂತ ಟವರ್ ಕ್ಷಣಕ್ಷಣಕ್ಕೂ ಫೋನಿಗೆ ಹೇಳುತ್ತಲೇ ಇರುತ್ತದೆ. ಈಗಿನ 4ಜಿ ಫೋನುಗಳು ಸಾಮಾನ್ಯವಾಗಿ ಎಷ್ಟೇ ಕೂಗಿದರೂ ಸುಮಾರು 0.2 ವಾಟ್. ಸಿಗ್ನಲ್ ಚೆನ್ನಾಗಿದ್ದಾಗ ಅದೇ ಫೋನು ಇದರ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಶಕ್ತಿಯಲ್ಲಿ ಕೆಲಸ ಮುಗಿಸಬಲ್ಲದು.

“ಅಂದ್ರೆ ಅತ್ತೆ, ಅವಳ ತಲೆಗೆ ಬೀಳೋ ವಿಕಿರಣದಲ್ಲಿ ದೊಡ್ಡ ಪಾಲು ಟವರ್‌ದಲ್ಲ, ಕಿವಿಗೆ ಒತ್ತಿಕೊಂಡಿರೋ ಫೋನಿಂದೇ. ಸಿಗ್ನಲ್ ಇಲ್ಲದ ಆ ಕೋಣೇಲಿ ಕೂತು ಒಂದು ಗಂಟೆ ಮಾತಾಡಿದ್ರೆ, ಅಷ್ಟು ಹೊತ್ತೂ ಫೋನು ಗಂಟಲು ಹರ್ಕೊಂಡು ಕೂಗ್ತಿರುತ್ತೆ. ಪಕ್ಕದಲ್ಲಿ ಟವರ್ ಬಂದಿದ್ರೆ ಅದು ಸುಮ್ನೆ ಪಿಸುಗುಡ್ತಿತ್ತು.”

ಯಾರೂ ಮಾತಾಡಲಿಲ್ಲ. ನಮ್ಮೆಜಮಾನರು ನನ್ನ ಮುಖ ನೋಡಿದರು. ಆ ಹಾಳೆಯಲ್ಲಿ ನನ್ನ ಸಹಿ ಇದ್ದದ್ದು ಹುಡುಗನಿಗೆ ಗೊತ್ತಿರಲಿಲ್ಲ.

ಹಬ್ಬ ಮುಗಿಸಿ ಅವನು ಹೊರಟುಹೋದ. ನನಗೆ ಮಾತ್ರ ಸಮಾಧಾನ ಆಗಲಿಲ್ಲ. ಈ ಅಂಕಣದಲ್ಲಿ ಇಷ್ಟು ವರ್ಷ ಉಪ್ಪಿನಕಾಯಿಯಿಂದ ಹಿಡಿದು ಉಯಿಲಿನವರೆಗೆ ಏನೇನೋ ಬರೆದಿದ್ದೇನೆ. ಬರೆಯುವ ಮುಂಚೆ ನಾಲ್ಕು ಕಡೆ ಓದುತ್ತೇನೆ. ಸಹಿ ಹಾಕುವ ಮುಂಚೆ ಯಾಕೆ ಓದಲಿಲ್ಲ? ಕನ್ನಡಕ ಹಾಕಿಕೊಂಡು ಕೂತೆ.

ಮೊದಲು ಮಾಡಿದ್ದು, ಹುಡುಗ ಹೇಳಿಕೊಟ್ಟಿದ್ದ ಕೆಲಸ. ನೀವೂ ಈಗಲೇ ಮಾಡಿ ನೋಡಬಹುದು. ಫೋನಿನಲ್ಲಿ ಯಾರಿಗಾದರೂ ಕರೆ ಮಾಡುವ ಹಾಗೆ *#07# ಒತ್ತಿ. ಹೆಚ್ಚಿನ ಫೋನುಗಳಲ್ಲಿ ‘ಎಸ್‌ಎಆರ್’ ಅಂತ ಒಂದು ಅಂಕಿ ಬರುತ್ತದೆ. ಪೆಟ್ಟಿಗೆಯ ಮೇಲೋ ಒಳಗಿನ ಪುಟ್ಟ ಪುಸ್ತಕದಲ್ಲೋ ಕೂಡ ಬರೆದಿರುತ್ತಾರೆ. ನನ್ನ ಫೋನಿನದು 1.1, ಮಗಳದು 0.9.

ಇದು ಏನನ್ನು ಅಳೆಯುತ್ತೆ? ಫೋನಿನ ರೇಡಿಯೊ ಅಲೆಯಲ್ಲಿ ಸ್ವಲ್ಪ ಭಾಗವನ್ನು ನಮ್ಮ ಮೈ ಹೀರಿಕೊಂಡು ಬಿಸಿಯಾಗಿ ಬದಲಾಯಿಸುತ್ತದೆ. ಒಂದು ಕಿಲೋ ಮೈಗೆ ಎಷ್ಟು ವಾಟ್ ಹೀರಿತು ಅನ್ನೋದೇ ಈ ಅಂಕಿ. ನಮ್ಮ ದೇಶದಲ್ಲಿ 2012ರ ಸೆಪ್ಟೆಂಬರ್ 1ರಿಂದ ಇದಕ್ಕೆ ಮಿತಿ ಕಿಲೋಗೆ 1.6 ವಾಟ್, ಅದೂ ಒಂದು ಗ್ರಾಂ ಅಂಗಾಂಶದಲ್ಲಿ ಸರಾಸರಿ ತೆಗೆದು. ಅಮೆರಿಕದಲ್ಲೂ ಇದೇ ಮಿತಿ. ಅದಕ್ಕೆ ಮುಂಚೆ ನಮ್ಮಲ್ಲಿ ಯುರೋಪಿನ ಹಾಗೆ 2 ವಾಟ್ ಇತ್ತು, ಹತ್ತು ಗ್ರಾಂನ ಸರಾಸರಿಯಲ್ಲಿ. ಒಂದು ಗ್ರಾಂ, ಹತ್ತು ಗ್ರಾಂ, ಎಲ್ಲ ಒಂದೇ ಅಲ್ವಾ ಅನ್ನಬೇಡಿ. ಸಾರಿನಲ್ಲಿ ಮೆಣಸಿನಕಾಯಿ ಇರುವ ಜಾಗದ ಒಂದೇ ಚಮಚ ತೆಗೆದು ರುಚಿ ನೋಡುವುದಕ್ಕೂ, ಸೌಟಿನ ತುಂಬ ತೆಗೆದು ನೋಡುವುದಕ್ಕೂ ಖಾರದಲ್ಲಿ ವ್ಯತ್ಯಾಸ ಇಲ್ಲವೇ? ಚಮಚದ ಲೆಕ್ಕವೇ ಕಟ್ಟುನಿಟ್ಟು.

ಇದನ್ನು ಅಳೆಯುವ ರೀತಿ ಓದಿ ನನಗೆ ಆಶ್ಚರ್ಯವಾಯಿತು. ಮನುಷ್ಯರ ತಲೆಯ ಆಕಾರದ ಅಚ್ಚಿನಲ್ಲಿ, ನಮ್ಮ ಮೈಯೊಳಗಿನ ಅಂಗಾಂಶದಂತೆ ಅಲೆ ಹೀರುವ ದ್ರವ ತುಂಬಿಸುತ್ತಾರೆ. ಫೋನನ್ನು ಅದರ ಕೆನ್ನೆಗೆ ಒತ್ತಿ ಇಟ್ಟು, ಗರಿಷ್ಠ ಶಕ್ತಿಯಲ್ಲಿ ಕೂಗಿಸಿ, ಯಂತ್ರದ ಕೈ ಹಿಡಿದ ಕಡ್ಡಿಯಿಂದ ಒಳಗೆಲ್ಲ ಅಳೆಯುತ್ತಾರೆ. ಅಂದರೆ ಪೆಟ್ಟಿಗೆ ಮೇಲಿನ ಅಂಕಿ, ಫೋನು ಅತಿ ಜೋರಾಗಿ ಕೂಗಿದಾಗಿನದು. ಹಾಗಾಗಿ 1.1ರ ಫೋನಿಗಿಂತ 0.9ರ ಫೋನು ದಿನನಿತ್ಯದಲ್ಲಿ ಕಡಿಮೆ ವಿಕಿರಣ ಕೊಡುತ್ತೆ ಅನ್ನೋ ಹಾಗೂ ಇಲ್ಲ. ಒಳ್ಳೆ ಸಿಗ್ನಲ್ ಇರುವ ಕಡೆ ನನ್ನ ಫೋನು, ಸಿಗ್ನಲ್ ಇಲ್ಲದ ಕೋಣೆಯಲ್ಲಿ ಮಗಳ ಫೋನು ಅಂದರೆ ಅವಳದ್ದೇ ಜಾಸ್ತಿ.

ಈ ಮಿತಿ ಬರೀ ಕಾಗದದ ಮೇಲಿನದಾ? ಅಲ್ಲ. 2023ರ ಸೆಪ್ಟೆಂಬರಿನಲ್ಲಿ ಫ್ರಾನ್ಸ್ ಸರ್ಕಾರದ ಸಂಸ್ಥೆ ಐಫೋನ್ 12 ತಗೊಂಡು ಪರೀಕ್ಷೆ ಮಾಡಿತು. ಕೈಯಲ್ಲಿ ಹಿಡಿದಾಗಿನ ಅಳತೆ ಕಿಲೋಗೆ 5.74 ವಾಟ್ ಬಂತು, ಅಲ್ಲಿ ಅದಕ್ಕೆ ಮಿತಿ 4. ಮಾರಾಟ ನಿಲ್ಲಿಸಿಯೇಬಿಟ್ಟರು. ಆಪಲ್ ಸಾಫ್ಟ್‌ವೇರ್ ಸರಿಪಡಿಸಿ ಕೊಟ್ಟ ಮೇಲೇ ವ್ಯವಹಾರ ಸರಿಹೋದದ್ದು.

ಇನ್ನು ಟವರ್ ವಿಷಯ. ಐಸಿಎನ್‌ಐಆರ್‌ಪಿ ಅನ್ನೋ ಅಂತರರಾಷ್ಟ್ರೀಯ ಆಯೋಗ ಇದಕ್ಕೆಲ್ಲ ಮಿತಿ ಸೂಚಿಸುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ, ಇಡೀ ಮೈ ಕಿಲೋಗೆ ಸುಮಾರು 4 ವಾಟ್ ಹೀರಿದಾಗ ಮೈಬಿಸಿ ಸುಮಾರು ಒಂದು ಡಿಗ್ರಿ ಏರಿ ನಡವಳಿಕೆ ಬದಲಾಗುತ್ತಿತ್ತು. ಅದರ ಐವತ್ತನೇ ಒಂದು ಪಾಲನ್ನು, ಅಂದರೆ 0.08 ವಾಟನ್ನು, ಜನಸಾಮಾನ್ಯರಿಗೆ ಮಿತಿ ಅಂತ ಇಟ್ಟರು. ಟವರ್‌ನಿಂದ ಎಷ್ಟು ಬರಬಹುದು ಅನ್ನೋದನ್ನು ಅದರಿಂದಲೇ ಲೆಕ್ಕ ಹಾಕಿದ್ದು. 900 ಮೆಗಾಹರ್ಟ್ಸ್‌ಗೆ ಚದರ ಮೀಟರಿಗೆ 4.5 ವಾಟ್. ನಮ್ಮ ಸರ್ಕಾರ 2012ರಲ್ಲಿ ಅದನ್ನೂ ಹತ್ತನೇ ಒಂದು ಪಾಲಿಗೆ, 0.45 ವಾಟಿಗೆ ಇಳಿಸಿತು.

ಟವರ್‌ನ ಪಕ್ಕದಲ್ಲೇ ಮನೆ ಇದ್ದವರ ಗತಿ? ಅದಕ್ಕೂ ಉತ್ತರ ಇದೆ. ಟವರ್ ಮೇಲಿನ ಆ ಉದ್ದನೆ ಬಿಳಿ ಪೆಟ್ಟಿಗೆಗಳಿವೆಯಲ್ಲ, ಅವು ಬಲ್ಬಿನ ಹಾಗೆ ಸುತ್ತಲೂ ಚೆಲ್ಲುವುದಿಲ್ಲ, ಟಾರ್ಚಿನ ಹಾಗೆ ಎದುರಿಗೆ, ಸ್ವಲ್ಪವೇ ಬಗ್ಗಿ, ದೂರಕ್ಕೆ ಬಿಡುತ್ತವೆ. ಟಾರ್ಚ್ ಹಿಡಿದವರ ಕಾಲಬುಡದಲ್ಲಿ ಕತ್ತಲೇ ಇರುವ ಹಾಗೆ, ಟವರ್‌ನ ನೇರ ಕೆಳಗೆ ಬೀಳುವುದು ಕಡಿಮೆ. ದೂರ ಹೋದ ಹಾಗೆಲ್ಲ ಬೇಗ ಇಳಿಯುತ್ತದೆ ಕೂಡ. ಎರಡು ಪಟ್ಟು ದೂರ ಹೋದರೆ ನಾಲ್ಕನೇ ಒಂದು, ಹತ್ತು ಪಟ್ಟು ಹೋದರೆ ನೂರನೇ ಒಂದು. ಹಂಡೆಯ ಒಲೆ ಬಾಯಿಗೆ ಕೈ ಒಡ್ಡುವುದಕ್ಕೂ ಬಚ್ಚಲ ಬಾಗಿಲಲ್ಲಿ ನಿಲ್ಲುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಹಳ್ಳಿಯಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಆದರೆ ಆ ಬಿಳಿ ಪೆಟ್ಟಿಗೆಯ ನೇರ ಎದುರಿಗೆ, ಅದೇ ಎತ್ತರದಲ್ಲಿ, ಹತ್ತಿರದಲ್ಲೇ ಯಾರದ್ದಾದರೂ ಮಹಡಿ ಮನೆ ಇದ್ದರೆ ಪ್ರಶ್ನೆ ಕೇಳಲೇಬೇಕು. ನಮ್ಮ ಸಾಲಿನಲ್ಲಿ ಟೀಚರ್ ಮನೆಯೇ ಎಲ್ಲಕ್ಕಿಂತ ಎತ್ತರ.

ಹಾಗಾದರೆ ರಾಯರು ಹೇಳಿದ್ದು ಸುಳ್ಳಾ? ಪೂರ್ತಿ ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ, ಫ್ರಾನ್ಸ್‌ನ ಲಿಯಾನ್‌ನಲ್ಲಿರುವ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ, 2011ರ ಮೇ ತಿಂಗಳಲ್ಲಿ ರೇಡಿಯೊ ಅಲೆಗಳನ್ನು ‘2ಬಿ’ ಗುಂಪಿಗೆ ಸೇರಿಸಿತು. ‘ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು’ ಅಂತ ಅದರ ಅರ್ಥ. ‘ತರುತ್ತದೆ’ ಅಂತಲ್ಲ. ಅದೇ 2ಬಿ ಗುಂಪಿನಲ್ಲಿ ಲೋಳೆಸರದ ಇಡೀ ಎಲೆಯ ಸಾರವೂ ಇದೆ. ಏಷ್ಯಾದ ಕೆಲವು ಕಡೆ ಸಾಂಪ್ರದಾಯಿಕವಾಗಿ ಹುಳಿ ಬರಿಸಿಡುವ ತರಕಾರಿಗಳೂ ಇವೆ.

ಆ ಪಟ್ಟಿ ಓದುತ್ತಾ ಹೋದ ಹಾಗೆ ಒಂದು ಕಡೆ ಕಣ್ಣು ನಿಂತಿತು. ಎಲ್ಲಕ್ಕಿಂತ ಮೇಲಿನ ಗುಂಪು, ಒಂದನೆಯದು. ಕ್ಯಾನ್ಸರ್ ತರುತ್ತದೆ ಅಂತ ಪುರಾವೆ ಗಟ್ಟಿಯಾಗಿ ಸಿಕ್ಕಿರುವವು. ತಂಬಾಕು, ಮದ್ಯ, ಬಿಸಿಲಿನ ಅತಿನೇರಳೆ ಕಿರಣ. ಅವುಗಳ ಜೊತೆಗೆ ಅಡಿಕೆ.

ನಮ್ಮದು ಶಿವಮೊಗ್ಗ. ನನ್ನ ತವರು ಅಡಿಕೆ ತೋಟದವರದ್ದು. ನಾನು ಓದಿದ್ದು, ಮದುವೆಯಾದದ್ದು ಎಲ್ಲ ಅಡಿಕೆಯ ದುಡ್ಡಿನಲ್ಲೇ. ಅಮ್ಮ ಕೊನೆಯವರೆಗೂ ಎಲೆ, ಅಡಿಕೆ, ಹೊಗೆಸೊಪ್ಪು ಬಿಡಲಿಲ್ಲ. ರಾಯರು ಅವತ್ತು ಗೇಟಿನ ಹತ್ತಿರ ವಿಕಿರಣದ ಬಗ್ಗೆ ಹೇಳುವಾಗಲೂ ಬಾಯಿ ಕೆಂಪಾಗಿತ್ತು. ಈ ಗುಂಪುಗಳು ಪುರಾವೆ ಎಷ್ಟು ಗಟ್ಟಿ ಅಂತ ಹೇಳುತ್ತವೆ, ಅಪಾಯ ಎಷ್ಟು ದೊಡ್ಡದು ಅಂತಲ್ಲ. ಆದರೂ ನಮ್ಮ ಕಣ್ಣೆದುರಿಗೇ ಇರುವ ತಟ್ಟೆ ಬಿಟ್ಟು, ಪಕ್ಕದ ಮನೆಯ ಟೆರೇಸು ನೋಡಿ ಹೆದರಿದೆವಲ್ಲ ಅನ್ನಿಸಿತು.

ಆ 2011ರ ತೀರ್ಮಾನದ ನಂತರ ಸಾಕಷ್ಟು ಅಧ್ಯಯನ ಆಗಿದೆ. ಅದಕ್ಕೆ ಮುಖ್ಯ ಆಧಾರಗಳಲ್ಲಿ ಒಂದು, 13 ದೇಶಗಳು ಸೇರಿ ಮಾಡಿ 2010ರಲ್ಲಿ ಪ್ರಕಟಿಸಿದ ಇಂಟರ್‌ಫೋನ್ ಅಧ್ಯಯನ. ಒಟ್ಟಾರೆ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಅತಿ ಹೆಚ್ಚು ಗಂಟೆ ಮಾತಾಡಿದೆವು ಅಂದವರ ಗುಂಪಿನಲ್ಲಿ ಮಾತ್ರ ಒಂದು ಬಗೆಯ ಮಿದುಳು ಗಡ್ಡೆ ಹೆಚ್ಚಿದಂತೆ ಕಂಡಿತು. ಆದರೆ ಹತ್ತು ವರ್ಷದ ಹಿಂದೆ ದಿನಕ್ಕೆ ಎಷ್ಟು ಹೊತ್ತು ಮಾತಾಡುತ್ತಿದ್ದಿರಿ ಅಂತ ರೋಗಿಗಳ ನೆನಪನ್ನು ಕೇಳಿ ಪಡೆದ ಲೆಕ್ಕ ಅದು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಮಾಡಿಸಿದ ಪರಿಶೀಲನೆ ಹೊರಬಂತು. 63 ಅಧ್ಯಯನಗಳನ್ನು ಜರಡಿ ಹಿಡಿದು ನೋಡಿದ ಅವರಿಗೆ, ಹತ್ತು ವರ್ಷಕ್ಕಿಂತ ಹೆಚ್ಚು ಫೋನ್ ಬಳಸಿದವರಲ್ಲೂ ಮಿದುಳಿನ ಕ್ಯಾನ್ಸರ್ ಹೆಚ್ಚಿದ್ದು ಕಾಣಲಿಲ್ಲ.

ರಾಯರ ಪರವಾಗಿಯೂ ಒಂದು ಮಾತು ಹೇಳಬೇಕು. ಅಮೆರಿಕದಲ್ಲಿ ಇಲಿಗಳ ಮೇಲೆ ದಿನಕ್ಕೆ 9 ಗಂಟೆಯಂತೆ ಎರಡು ವರ್ಷ ಈ ಅಲೆ ಬಿಟ್ಟು ನೋಡಿದರು. 2018ರಲ್ಲಿ ಬಂದ ಆ ವರದಿಯಲ್ಲಿ ಗಂಡು ಇಲಿಗಳ ಹೃದಯದಲ್ಲಿ ಒಂದು ಬಗೆಯ ಗಡ್ಡೆ ಹೆಚ್ಚಾಗಿತ್ತು. ಅವಕ್ಕೆ ಕೊಟ್ಟ ಅತಿ ಹೆಚ್ಚಿನ ಪ್ರಮಾಣ, ನಮಗೆ ಇಡೀ ಮೈಗೆ ಇರುವ ಮಿತಿಯ 75 ಪಟ್ಟು. ಅಲೆ ಬಿದ್ದ ಗಂಡು ಇಲಿಗಳು ಬೀಳದವಕ್ಕಿಂತ ಹೆಚ್ಚು ದಿನ ಬದುಕಿದ್ದೂ ಅದೇ ವರದಿಯಲ್ಲಿದೆ. ಐಎಆರ್‌ಸಿ ಈ ವಿಷಯವನ್ನು ಮತ್ತೆ ಪರಿಶೀಲಿಸಬೇಕಾದವುಗಳ ಪಟ್ಟಿಯಲ್ಲಿ ಮುಂದಕ್ಕೆ ಇಟ್ಟಿದೆ. ಅಂದರೆ ವಿಜ್ಞಾನಿಗಳು ಪುಸ್ತಕ ಮುಚ್ಚಿಲ್ಲ. ರಾಯರು ಪ್ರಶ್ನೆ ಕೇಳಿದ್ದು ತಪ್ಪಲ್ಲ. ಉತ್ತರ ಬರುವ ಮುಂಚೆ ನಾವು ಪೇಡ ತಿಂದದ್ದು ತಪ್ಪು.

ಉತ್ತರ ಕೇಳುವ ದಾರಿಯೂ ಇತ್ತು. ಯಾವ ಟವರ್‌ನಿಂದ ಎಷ್ಟು ವಿಕಿರಣ ಬರುತ್ತಿದೆ ಅಂತ ತಿಳಿಯಲು ಕೇಂದ್ರ ದೂರಸಂಪರ್ಕ ಇಲಾಖೆ 2017ರಲ್ಲಿ ‘ತರಂಗ್ ಸಂಚಾರ್’ ಅನ್ನೋ ಜಾಲತಾಣ ತೆರೆಯಿತು. ಅನುಮಾನ ಇದ್ದರೆ 4 ಸಾವಿರ ರೂಪಾಯಿ ಶುಲ್ಕ ಕಟ್ಟಿದರೆ ಇಲಾಖೆಯವರೇ ಬಂದು ಅಳೆದು ವರದಿ ಕೊಡುವ ವ್ಯವಸ್ಥೆಯನ್ನೂ ಅದರಲ್ಲಿ ಮಾಡಿತು. ನಾವು ಸಹಿ ಹಾಕಿದ್ದು 28 ಮನೆ. ಮನೆಗೆ ನೂರೈವತ್ತು ರೂಪಾಯಿ ಹಾಕಿದ್ದರೆ ಸಾಕಿತ್ತು. ಟವರ್ ಬರಲಿ, ಅಳೆಸೋಣ, ಮಿತಿ ಮೀರಿದ್ದರೆ ಆಗ ಎಲ್ಲ ಸೇರಿ ಕೇಳೋಣ ಅನ್ನಬಹುದಿತ್ತು. ಒಬ್ಬರಿಗೂ ಹೊಳೆಯಲಿಲ್ಲ. ಪೇಡಕ್ಕೆ ಅದಕ್ಕಿಂತ ಸ್ವಲ್ಪವೇ ಕಡಿಮೆ ಖರ್ಚಾಗಿತ್ತು.

ಈಗ ನಮ್ಮ ಮನೆಯೊಳಗೆ ಏನೇನು ಬದಲಾಯಿತು ಅಂತ ಹೇಳಿಬಿಡುತ್ತೇನೆ, ನಿಮಗೂ ಉಪಯೋಗ ಆಗಬಹುದು.

ಉದ್ದದ ಮಾತುಕತೆಗಳು ಒಳಗಿನ ಕೋಣೆಯಿಂದ ಟೆರೇಸಿನ ಮೆಟ್ಟಿಲಿಗೆ ಬಂದವು. ಅಲ್ಲಿ ಸಿಗ್ನಲ್ ಚೆನ್ನಾಗಿದೆ. ಫೋನು ಕಿವಿಗೆ ಒತ್ತಿಕೊಳ್ಳುವ ಬದಲು ಸ್ಪೀಕರ್ ಹಾಕುತ್ತೇವೆ, ಇಲ್ಲವೇ ತಂತಿಯ ಇಯರ್‌ಫೋನು. ಬ್ಲೂಟೂತ್ ಆದರೂ ಸರಿಯೇ, ಅದರ ಶಕ್ತಿ ಫೋನಿಗಿಂತ ತುಂಬಾ ಕಡಿಮೆ. ಒಂದೇ ಕಡ್ಡಿ ಸಿಗ್ನಲ್ ಇದ್ದಾಗ, ಲಿಫ್ಟಿನಲ್ಲಿ, ಘಾಟಿ ಇಳಿಯುವ ಬಸ್ಸಿನಲ್ಲಿ ಫೋನು ಅತಿ ಹೆಚ್ಚು ಕೂಗುವ ಕಾರಣ, ಅಂಥ ಕಡೆ ಮಾತು ಚುಟುಕು. “ಬರ್ತಾ ಇದೀನಿ” ಅಂತ ಒಂದು ಮೆಸೇಜು ಹಾಕಿದರೆ ಆಯಿತು.

ಮಗಳು ಮಲಗಿಕೊಂಡು ಹೊಟ್ಟೆಯ ಮೇಲೆ ಫೋನು ನಿಲ್ಲಿಸಿ ಸಿನಿಮಾ ನೋಡುತ್ತಿದ್ದಳು. ಡಾಕ್ಟರಮ್ಮನ ಹತ್ತಿರ ಹೆದರಿಕೊಂಡೇ ಕೇಳಿದೆ. “ಫೋನನ್ನ ಪಕ್ಕದ ಸ್ಟೂಲಿನ ಮೇಲಿಡಿ, ಅದು ಸುಲಭದ ಎಚ್ಚರಿಕೆ. ನನಗೆ ಅದಕ್ಕಿಂತ ಚಿಂತೆ ಇವಳು ರಾತ್ರಿ ಒಂದು ಗಂಟೆವರೆಗೂ ಮಲಗಲ್ಲ ಅನ್ನೋದು” ಅಂದರು. ಅವತ್ತಿನಿಂದ ಹತ್ತು ಗಂಟೆಯಾದರೆ ಫೋನು ಹಾಲಿನ ಷೋಕೇಸಿನಲ್ಲಿ ಮಲಗುತ್ತದೆ.

ನಾದಿನಿ ಯಾವುದೋ ಮೇಳದಲ್ಲಿ 499 ರೂಪಾಯಿ ಕೊಟ್ಟು ತಂದಿದ್ದ ‘ವಿಕಿರಣ ತಡೆಯುವ’ ಸ್ಟಿಕ್ಕರನ್ನು ಕಿತ್ತು ಹಾಕಿದೆವು. ಅಂಥವು ಕೆಲಸಕ್ಕೆ ಬರುವುದಿಲ್ಲ ಅಂತ ಅಮೆರಿಕದ ವ್ಯಾಪಾರ ಆಯೋಗ ಎಂದೋ ಎಚ್ಚರಿಸಿದೆ. ಅಷ್ಟೇ ಅಲ್ಲ, ಸಿಗ್ನಲ್‌ಗೆ ಅಡ್ಡ ಬಂದು ಫೋನು ಇನ್ನೂ ಜೋರಾಗಿ ಕೂಗುವ ಹಾಗೆ ಮಾಡಬಹುದು.

ನಿಜವಾಗಿ ಹೆದರಬೇಕಾದದ್ದು ಮಾತ್ರ ನಮ್ಮೆಜಮಾನರ ಜೇಬಿನಲ್ಲಿತ್ತು. ಅವರಿಗೆ ಎರಡು ವರ್ಷದ ಹಿಂದೆ ಎಡಗಡೆ ಎದೆಗೆ ಪೇಸ್‌ಮೇಕರ್ ಹಾಕಿದ್ದಾರೆ. ಫೋನು ಮತ್ತು ಅದರೊಳಗಿನ ಅಯಸ್ಕಾಂತ ಪೇಸ್‌ಮೇಕರಿನ ಕೆಲಸಕ್ಕೆ ಅಡ್ಡಿ ಮಾಡಬಹುದು, ಕನಿಷ್ಠ 15 ಸೆಂಟಿಮೀಟರ್ ದೂರ ಇರಲಿ ಅಂತ ಆಸ್ಪತ್ರೆಯವರು ಕೊಟ್ಟ ಪುಸ್ತಕದಲ್ಲೇ ಬರೆದಿತ್ತು. ಇವರು ಎರಡು ವರ್ಷದಿಂದ ಎಡಗಡೆ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದ್ದಾರೆ! ಆ ಪುಸ್ತಕ ನಾನೇ ಬೀರುವಿನಲ್ಲಿ ಭದ್ರವಾಗಿಟ್ಟಿದ್ದೆ. ಈಗ ಫೋನು ಪ್ಯಾಂಟಿನ ಬಲಗಡೆ ಜೇಬಿಗೆ ಹೋಗಿದೆ, ಮಾತಾಡುವುದೂ ಬಲಗಿವಿಯಲ್ಲೇ.

ಇಷ್ಟೆಲ್ಲ ಆದ ಮೇಲೆ ಉಳಿದದ್ದು ಒಂದೇ ಕೆಲಸ. ಅದಕ್ಕೇ ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯಿತು. ಒಂದು ಸಂಜೆ ಡಬ್ಬಿಯಲ್ಲಿ ಕೋಡುಬಳೆ ಹಾಕಿಕೊಂಡು ಟೀಚರ್ ಮನೆಗೆ ಹೋದೆ. ಗೋಡೆ ಹಿಡಿದುಕೊಂಡು ಬಂದು ಬಾಗಿಲು ತೆಗೆದರು. ಕಾಫಿಗೆ ಇಡುತ್ತೇನೆ ಅಂದರು, ಬೇಡ ಅಂದೆ. ಸುತ್ತಿಬಳಸಿ ಹೇಳೋಕೆ ಬಾರದೆ ನೇರವಾಗಿ ಹೇಳಿದೆ.

“ಟೀಚರ್, ಆ ಹಾಳೆಗೆ ನಾನೂ ಸಹಿ ಹಾಕಿದ್ದೆ.”

“ಗೊತ್ತು ಕಣಮ್ಮ. ಕಂಪನಿಯವರು ತೋರಿಸಿದ್ರು. ಹದಿನೇಳನೆಯದು.”

“ಮಗಳು ಬಸುರಿ, ಹೆದರಿಕೆ ಆಯ್ತು.”

“ಹೆದರಿಕೆ ಆಗೋದು ತಪ್ಪಲ್ಲ ಬಿಡು.” ಸ್ವಲ್ಪ ಹೊತ್ತು ಸುಮ್ಮನಿದ್ದರು. ಮೊಣಕಾಲು ನೀವಿಕೊಂಡರು. “ಮೂವತ್ತೆರಡು ವರ್ಷ ವಿಜ್ಞಾನ ಪಾಠ ಮಾಡಿದೀನಿ. ಬೆಳಕು, ಶಬ್ದ, ಅಲೆ, ಎಲ್ಲ ನಾನೇ ಹೇಳಿಕೊಟ್ಟಿದ್ದು. ಒಪ್ಪಂದಕ್ಕೆ ಮುಂಚೆ ಓದಿಕೊಂಡು, ಅಳತೆ ಪತ್ರ ಕೊಡಿ ಅಂತ ಆ ಹುಡುಗರನ್ನ ಕೂರಿಸಿಕೊಂಡು ಕೇಳಿದ್ದೆ. ನಾನೂ ಇದೇ ಮನೇಲಿ ಮಲಗೋಳಲ್ವಾ? ಇಪ್ಪತ್ತೆಂಟು ಮನೆಯವರು ರಾಯರನ್ನ ಕೇಳಿದ್ರಿ. ಒಬ್ರಾದ್ರೂ ಬಂದು ನನ್ನ ಕೇಳಲಿಲ್ಲ.”

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಫಿ ಬೇಡ ಅಂದಿದ್ದವಳು, ನಾನೇ ಎದ್ದು ಹೋಗಿ ಇಬ್ಬರಿಗೂ ಕಾಫಿ ಮಾಡಿಕೊಂಡು ಬಂದೆ. ಅವರು ಕುಡಿದರು.

ಮರುದಿನ ರಾಯರ ಹತ್ತಿರ ಹೋಗಿ ಓದಿದ್ದನ್ನೆಲ್ಲ ಹೇಳಿದೆ. ಅರ್ಧ ಒಪ್ಪಿದರು, ಅರ್ಧ ಒಪ್ಪಲಿಲ್ಲ. “ನೋಡೋಣ ಮೇಡಂ” ಅಂದರು. ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. “ಒಂದ್ನಿಮಿಷ, ಒಳಗೆ ಸಿಗ್ನಲ್ ಸಿಗಲ್ಲ” ಅಂತ ಗೇಟಿನ ಹತ್ತಿರ ಓಡಿದರು. ಕಂಪನಿಗೆ ಇಬ್ಬರ ಹೆಸರಿನಲ್ಲೂ ಪತ್ರ ಬರೆಯೋಣ ಅಂತ ಕೇಳುತ್ತಲೇ ಇದ್ದೇನೆ. ಕಂಪನಿಯವರು ಮತ್ತೆ ಬರುತ್ತಾರೆ ಅನ್ನೋ ನಂಬಿಕೆ ನನಗೂ ಅಷ್ಟಿಲ್ಲ.

ದೀಪಾವಳಿಯ ಹಿಂದಿನ ದಿನ ಮಗಳಿಗೆ ಹೆಣ್ಣುಮಗು ಆಯಿತು. ಇಬ್ಬರೂ ಚೆನ್ನಾಗಿದ್ದಾರೆ. ಹನ್ನೊಂದನೇ ದಿನ ಕಾಂಪೌಂಡಿನ ಮೇಲಿಂದ ಟೀಚರ್ ಕರೆದರು. ಬಾಣಂತಿಗೆ ಅಂತ ಒಂದು ಡಬ್ಬಿ ಅಂಟಿನುಂಡೆ, ಅದರ ಮೇಲೆ ಒಂದು ಹಿಡಿ ಕರಿಬೇವು.

ಮೊಣಕಾಲಿನ ಆಪರೇಷನ್ ಇನ್ನೂ ಆಗಿಲ್ಲ.